ಬೀಗರೂಟದಲ್ಲಿ ಗೋಧಿ ತುಂಡು

"ಏಯ್ ಕಳ್ಳ! ನಿಂತ್ಕೊಳ್ರೀ ಅಲ್ಲೇ!"

ಹುಲ್ಲಿನ ಬಣವೆಯ ಹಿಂದೆ ಬಗ್ಗಿ ನಿಂತಿದ್ದವನು ಬೆಚ್ಚಿಬಿದ್ದು ತಿರುಗಿದ. ಅವನ ಕೈಯಲ್ಲೊಂದು ಮುತ್ತುಗದ ಎಲೆಯ ಪೊಟ್ಟಣ, ಅದರೊಳಗೆ ಬಾಡಿನ ತುಂಡುಗಳು. ಎದುರಿಗೆ ಕರಿನಾಯಿಯೊಂದು ಬಾಲ ಅಲ್ಲಾಡಿಸುತ್ತಾ ಕೂತಿತ್ತು.

ಕೂಗಿದ ಕಾಂತಳ ಮೈಯೆಲ್ಲ ಉರಿದುಹೋಯಿತು!

ಉರಿಯದೆ ಇನ್ನೇನು? ಯಗಟಿಯ ಒಂದು ಮನೆಯ ಬೀಗರ ಊಟಕ್ಕೆ ಅಡುಗೆ ಮಾಡಿದ್ದು ಅವಳ ಅವ್ವ ಕೆಂಚಮ್ಮ. ಕಡೂರಿನಿಂದ ಹಿಂದಿನ ದಿನವೇ ಬಂದು, ಒರಳಿನಲ್ಲಿ ಖಾರ ರುಬ್ಬಿ ರುಬ್ಬಿ ತಾಯಿ ಮಗಳಿಬ್ಬರ ರಟ್ಟೆ ಬಿದ್ದುಹೋಗಿತ್ತು. ಪಂಕ್ತಿಯಲ್ಲಿ ಈ ಮಹಾರಾಯನ ಎಲೆಗೆ ಒಳ್ಳೊಳ್ಳೆ ತುಂಡು ಆರಿಸಿ ಬಡಿಸಿದ್ದು ಸ್ವತಃ ಕಾಂತ. ಯಾಕೆ ಆರಿಸಿ ಬಡಿಸಿದಳು ಅಂತ ಮಾತ್ರ ಕೇಳಬೇಡಿ, ಆಗ ಅವಳಿಗೂ ಗೊತ್ತಿರಲಿಲ್ಲ.

"ನಮ್ಮವ್ವನ ಕೈಯಡುಗೆ ನಾಯಿಗೇನ್ರೀ? ಅಷ್ಟು ಕೆಟ್ಟದಾಗಿತ್ತಾ?"

"ಅಯ್ಯೋ... ಹಂಗಲ್ಲ..." ಅವನ ಮುಖ ಕೆಂಪಾಯಿತು. "ಮೆಲ್ಲಗೆ ಮಾತಾಡು ಮಾರಾಯ್ತಿ. ನಮ್ಮಪ್ಪಂಗೆ ಕೇಳಿಸಿದ್ರೆ ನನ್ನ ಕಥೆ ಮುಗೀತು. ಯಾರ್ಗೂ ಹೇಳ್ಬೇಡ... ಕೈ ಮುಗೀತೀನಿ."

ಪೊಟ್ಟಣವನ್ನು ಅಲ್ಲೇ ಇಟ್ಟು ಓಡಿಹೋದ. ನಾಯಿಗಂತೂ ಹಬ್ಬ.

ಅವನು ಸಣ್ಣಬೀರಪ್ಪ, ದೊಡ್ಡಬೀರಪ್ಪನ ಮಗ ಎಂದು ಆಮೇಲೆ ತಿಳಿಯಿತು. ದೊಡ್ಡಬೀರಪ್ಪ ಎಂದರೆ ಯಗಟಿ ಕಡೆ ಯಾರಿಗೆ ಗೊತ್ತಿಲ್ಲ? ಅವನ ಕುರಿ ಹಿಂಡು ದಾಟುವ ತನಕ ಬಸ್ಸೇ ನಿಂತು ಕಾಯಬೇಕು. ಅಂಥ ಮನೆಯ ಮಗ ಬಾಡನ್ನು ಬಚ್ಚಿಟ್ಟು ನಾಯಿಗೆ ಹಾಕುವುದೇ! ಯಾಕೆ?

ಕಾಂತಳ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು.

ಇದು ಸಾವಿರದ ಒಂಬೈನೂರ ಎಂಬತ್ತೊಂದರ ಮಾತು. ಊರಿನಲ್ಲಿದ್ದಾಗ ತಾಯಿ ಮಗಳು ಕಡೂರಿನ ತೆಂಗಿನಕಾಯಿ ಮಂಡಿಯ ಹತ್ತಿರ, ತಮ್ಮ ಮನೆಯ ಜಗಲಿಯಲ್ಲೇ ಹಮಾಲಿಗಳಿಗೆ ಊಟ ಹಾಕುತ್ತಿದ್ದರು. ಮುದ್ದೆ, ಹುರುಳಿಕಾಳಿನ ಸಾರು, ಮಜ್ಜಿಗೆ. ಹೊಟ್ಟೆ ತುಂಬುತ್ತಿತ್ತು, ಬಾಯಿ ಮಾತ್ರ ಬಾಡು ಬಾಡು ಎನ್ನುತ್ತಿತ್ತು. ಅವರು ಕೊಡುವ ದುಡ್ಡಿಗೆ ಬಾಡಿನ ವಾಸನೆಯೂ ಬರುವಂತಿರಲಿಲ್ಲ.

ಒಂದು ಸಂತೆಯ ದಿನ ಸಣ್ಣಬೀರಪ್ಪ ಅದೇ ಜಗಲಿಗೆ ಬಂದ. ಕಾಂತಳನ್ನು ಕಂಡವನೇ ಹಿಂದಕ್ಕೆ ತಿರುಗಿದ.

"ಓಡ್ಬೇಡಿ, ಬನ್ನಿ. ಇಲ್ಲಿ ಬಾಡೂ ಇಲ್ಲ, ನಾಯೀನೂ ಇಲ್ಲ!"

ಅವನು ನಕ್ಕುಬಿಟ್ಟ. ಆ ನಗು ನೋಡಿ ಕಾಂತಳ ಅರ್ಧ ಕೋಪ ಇಳಿಯಿತು. ಉಳಿದರ್ಧ ಮುಂದಿನ ಸಂತೆಗೆ. ಅದರ ಮುಂದಿನ ಸಂತೆಗೆ ಅವನು ಊಟ ಮುಗಿದ ಮೇಲೂ ಎದ್ದು ಹೋಗದೆ ಜಗಲಿಯ ಕಂಬಕ್ಕೆ ಒರಗಿ ಕೂತ. ಕಾಂತಳಿಗೆ ಇನ್ನು ತಡೆಯಲಾಗಲಿಲ್ಲ.

"ಯಾಕ್ರೀ ತಿನ್ನಲ್ಲ? ಹರಕೆನಾ?"

ಅವನು ಕಂಬದಿಂದ ಬೆನ್ನು ತೆಗೆದು ನೆಟ್ಟಗೆ ಕೂತ.

"ಒಂದು ಮರಿ ಇತ್ತು... ಬೋರ ಅಂತ. ಹುಟ್ಟಿದ ಗಳಿಗೇಲೇ ತಾಯಿ ಸತ್ತೋಯ್ತು. ನಾನೇ ಬಾಟ್ಲೀಲಿ ಹಾಲು ಕುಡ್ಸಿ ಸಾಕ್ದೆ. ಹೆಸರು ಹಿಡಿದು ಕೂಗಿದ್ರೆ ಹಿಂಡೆಲ್ಲ ಬಿಟ್ಟು ಓಡಿ ಬರೋದು. ಯುಗಾದಿ ಮಾರನೇ ದಿನ, ಹೊಸತೊಡಕಿಗೆ... ನಾನು ಹೊಲದಿಂದ ಬಂದು ಊಟಕ್ಕೆ ಕೂತೆ. ಎರಡು ತುತ್ತು ತಿಂದ್ಮೇಲೆ ಬೋರ ಎಲ್ಲವ್ವಾ ಅಂತ ಕೇಳ್ದೆ..."

ಮುಂದಿನದು ಹೇಳಬೇಕಾಗಿರಲಿಲ್ಲ. ಕಾಂತ ಅವನ ಮುಂದೆ ಮಜ್ಜಿಗೆಯ ಲೋಟ ಇಟ್ಟಳು.

"ತಿನ್ನೋರನ್ನ ನಾನು ಬೈಯಲ್ಲ. ನಂಗೆ ಗಂಟಲಲ್ಲಿ ಇಳಿಯಲ್ಲ, ಅಷ್ಟೇ. ಅಪ್ಪಂಗೆ ಗೊತ್ತಾದ್ರೆ, ಕುರಿ ಸಾಕೋ ಮನೇಲಿ ಹುಟ್ಟಿ ಇದೇನ್ ಬಂತೋ ನಿಂಗೆ ಅಂತ ಊರ ಮುಂದೆ ತಲೆ ತಗ್ಗಿಸ್ತಾನೆ. ನಿನ್ನೊಬ್ಬಳಿಗೇ ಹೇಳಿದ್ದು ಕಾಂತಾ."

ನಿನ್ನೊಬ್ಬಳಿಗೇ! ಅವತ್ತು ಕಾಂತ ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಅದಾಗಿ ಕೆಲವೇ ದಿನಕ್ಕೆ ಪಕ್ಕದ ಬೀದಿಯ ಭಾಗೀರಥಮ್ಮನವರ ಮನೆಯಲ್ಲಿ ಗೋಧಿ ಹಾಲುಬಾಯಿ ಮಾಡಬೇಕಿತ್ತು. ನೆನೆಸಿದ ಗೋಧಿ ರುಬ್ಬಿ ಕೊಡಲು ಕಾಂತ ಹೋಗಿದ್ದಳು. ಹಾಲು ಹಿಂಡಿ ತೆಗೆದ ಮೇಲೆ ಉಳಿದ ಜಿಗುಟನ್ನು ಅಮ್ಮಾವ್ರು ಹಸುವಿನ ಬಕೆಟ್ಟಿಗೆ ಹಾಕಲು ಹೊರಟರು.

ಕಾಂತ ಚೂರು ಕಿತ್ತು ಎಳೆದಳು. ಹರಿಯಲಿಲ್ಲ! ನಾರುನಾರಾಗಿ ಬಂತು. ಮತ್ತೆ ಎಳೆದಳು.

"ಇದು ಯಾಕಮ್ಮಾವ್ರೇ ಹಿಂಗೆ ಎಳೆ ಎಳೆಯಾಗಿ ಬತ್ತದೆ?"

"ಗೋಧಿಯ ಸತ್ತ್ವವೇ ಅದು ಕಣೇ. ಅದನ್ನೇನು ನೋಡ್ತಾ ನಿಂತೆ? ಹಸುಗೆ ಹಾಕು."

"ಇದನ್ನ ಬೇಯಿಸಿದ್ರೆ ಏನಾಗ್ತದೆ?"

ಭಾಗೀರಥಮ್ಮನವರು ಕನ್ನಡಕದ ಮೇಲಿಂದ ನೋಡಿದರು. "ನಾನೇನು ಬೇಯಿಸಿ ನೋಡಿದ್ದೀನೇ? ತಗೊಂಡ್ಹೋಗು, ಬೇಯಿಸು. ಏನಾಯ್ತು ಅಂತ ನಂಗೂ ಹೇಳು."

ಮೊದಲನೇ ಸಲ ಸೈಕಲ್ ಟ್ಯೂಬಿನ ಹಾಗಾಯಿತು. ಕೆಂಚಮ್ಮ ಅಗಿದು ಅಗಿದು ದವಡೆ ಹಿಡಿದುಕೊಂಡು, "ಗೋಧಿ ಹಾಳು ಮಾಡ್ತೀಯಲ್ಲೇ!" ಎಂದು ಕೂಗಾಡಿದಳು. ಮುಂದಿನ ಸಲ ತೊಳೆದದ್ದು ಸಾಲದೆ ಕರಗಿ ಗಂಜಿಯಾಯಿತು. ಕಾಂತ ಬಿಟ್ಟಳೇ? ರೇಷನ್ ಗೋಧಿಯನ್ನು ಬೀಸಿ, ಜರಡಿ ಹಿಡಿದು, ಗಟ್ಟಿಯಾಗಿ ಕಲಸಿ, ನೀರಿನಲ್ಲಿ ನೆನೆಹಾಕಿದಳು. ಆಮೇಲೆ ನೀರು ಬದಲಿಸುತ್ತಾ ಬದಲಿಸುತ್ತಾ, ಬಿಳಿ ಹಾಲೆಲ್ಲ ಹೋಗುವ ತನಕ ತೊಳೆದಳು. ಆ ಹಾಲನ್ನೂ ಚೆಲ್ಲಲಿಲ್ಲ, ಸಾರು ಮಂದವಾಗಲು ಇಟ್ಟುಕೊಂಡಳು. ಉಳಿದ ಜಿಗುಟನ್ನು ಹಬೆಯಲ್ಲಿ ಬೇಯಿಸಿ, ಕತ್ತಿಯಿಂದ ಹೆಚ್ಚದೆ ಕೈಯಿಂದಲೇ ಹರಿದು, ಚೂರು ಎಣ್ಣೆಯಲ್ಲಿ ಬಾಡಿಸಿದಳು. ಬಾಡಿಗೆ ಹಾಕುವ ಖಾರವನ್ನೇ ಹಾಕಿದಳು: ಕಾಯಿ, ಗಸಗಸೆ, ಚಕ್ಕೆ, ಲವಂಗ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ. ಸಣ್ಣ ಉರಿಯಲ್ಲಿ ಕುದಿಯಲು ಬಿಟ್ಟಳು.

ಕೆಂಚಮ್ಮ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಅಗಿದಳು. ಮಗಳ ಮುಖ ನೋಡಿದಳು.

"ಲೇ ಕಾಂತಾ... ಇದಕ್ಕೆ ಬಾಡು ಹಾಕಿಲ್ಲ ತಾನೇ?"

ಕಾಂತ ಕುಣಿದಾಡಿಬಿಟ್ಟಳು! ಅವನು ಇನ್ನು ಪಂಕ್ತಿಯಲ್ಲಿ ಕಳ್ಳನ ಹಾಗೆ ಕೂರಬೇಕಿಲ್ಲ. ಇವತ್ತೇ ಸಂತೆ, ಇವತ್ತೇ ಬರುತ್ತಾನೆ. ಮೊದಲೇ ಹೇಳಿಬಿಡಲಾ? ಬೇಡ ಬೇಡ... ತಿಂದು ಆಶ್ಚರ್ಯಪಡಲಿ, ಆ ಕಣ್ಣು ದೊಡ್ಡದಾಗುವುದನ್ನು ನಾನು ನೋಡಬೇಕು!

ಅಯ್ಯೋ ಹುಚ್ಚಿ! ಹೇಳಿಬಿಡಬಾರದಿತ್ತೇ?

ಅವನು ಕೂತ. ಕಾಂತ ಬಡಿಸಿ, ನಗು ತಡೆಯಲಾರದೆ ಮುದ್ದೆ ತರುವ ನೆಪದಲ್ಲಿ ಒಳಗೆ ಓಡಿದಳು. ಅದೇ ಹೊತ್ತಿಗೆ ಪಕ್ಕದ ಎಲೆಯಲ್ಲಿದ್ದ ಹಮಾಲಿ ಮಂಜಪ್ಪ, "ಲೇ, ಇವತ್ತು ಬಾಡು ಕಣ್ರೋ! ಕೆಂಚಮ್ಮಂಗೆ ಲಾಟರಿ ಹೊಡೀತಾ?" ಎಂದು ಕೂಗಿದ. ಸಣ್ಣಬೀರಪ್ಪನ ಬಾಯಲ್ಲಿ ಆಗಲೇ ತುತ್ತಿತ್ತು.

ಕಾಂತ ಹೊರಗೆ ಬಂದಾಗ ಅವನು ಎಲೆ ಬಿಟ್ಟು ಎದ್ದಿದ್ದ. ಕಣ್ಣು ದೊಡ್ಡದಾಗಿರಲಿಲ್ಲ, ತುಂಬಿತ್ತು.

"ನಿನ್ನೊಬ್ಬಳನ್ನೇ ನಂಬಿದ್ದೆ... ತಮಾಷೆ ನೋಡೋಕೆ ನಾನೇ ಬೇಕಿತ್ತಾ?"

"ಅಯ್ಯೋ ಇಲ್ಲ ಕಣ್ರೀ, ಅದು ಬಾಡಲ್ಲ! ಕೇಳಿ ಇಲ್ಲಿ..."

ಕೇಳಲು ಅವನು ನಿಲ್ಲಲಿಲ್ಲ. ಅವಳು ಮುದ್ದೆಯ ತಟ್ಟೆ ಹಿಡಿದೇ ಬಸ್ ಸ್ಟ್ಯಾಂಡಿನ ತನಕ ಓಡಿದಳು. ಯಗಟಿ ಬಸ್ಸು ಧೂಳೆಬ್ಬಿಸಿ ಹೊರಟೇಹೋಯಿತು.

ಮುಂದಿನ ಸಂತೆಗೆ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಹಮಾಲಿಗಳು ಮಾತ್ರ ಗೋಧಿ ತುಂಡಿನ ಸಾರಿಗೆ ಸಾಲುಗಟ್ಟಿದರು. ಹಳೆಯ ದುಡ್ಡಿಗೇ ಬಾಡಿನ ರುಚಿ ಸಿಕ್ಕರೆ ಯಾರು ಬಿಟ್ಟಾರು? ಎಲ್ಲರೂ ಹೊಗಳಿದರು. ಯಾರಿಗಾಗಿ ಮಾಡಿದಳೋ ಅವನೊಬ್ಬನೇ ಇಲ್ಲ. ಕಾಂತ ಹಿಟ್ಟು ತೊಳೆಯುವಾಗ ಆ ನೀರಿಗೆ ಕಣ್ಣೀರೂ ಬೀಳುತ್ತಿತ್ತು.

ಅಷ್ಟರಲ್ಲಿ ಯಗಟಿಯಿಂದ ಹೇಳಿಕೆ ಬಂತು. ದೊಡ್ಡಬೀರಪ್ಪನ ಮಗಳ ಮದುವೆ, ಬೀಗರ ಊಟಕ್ಕೆ ಕೆಂಚಮ್ಮನೇ ಅಡುಗೆಗೆ ಬರಬೇಕಂತೆ!

ಕಾಂತಳಿಗೆ ಆ ಪಂಕ್ತಿ ಕಣ್ಣಮುಂದೆ ಬಂತು. ಅಣ್ಣನಾದವನು ಬೀಗರ ಪಕ್ಕದಲ್ಲೇ ಕೂತು ಉಣ್ಣಬೇಕು. ಎಲ್ಲರ ಕಣ್ಣೂ ಅವನ ಎಲೆಯ ಮೇಲೆ. ಬಣವೆಯ ಹಿಂದಕ್ಕೆ ಹೋಗುವುದು ಹೇಗೆ? ಬಾಡು ಮುಟ್ಟದಿದ್ದರೆ ಬೀಗರಿಗೆ ಅವಮಾನ, ಮುಟ್ಟಿದರೆ... ಬೋರ.

ಅವಳು ಗೋಧಿ ಕಟ್ಟಿಕೊಂಡೇ ಬಸ್ಸು ಹತ್ತಿದಳು.

ಊಟದ ದಿನ ದೊಡ್ಡ ಹಂಡೆಗಳ ಪಕ್ಕದಲ್ಲಿ ಒಂದು ಪುಟ್ಟ ಬೋಸಿಯೂ ಕುದಿಯಿತು. ಪಂಕ್ತಿ ಕೂತಿತು. ಬಲಕ್ಕೆ ಅಪ್ಪ, ಎಡಕ್ಕೆ ಬೀಗರು, ನಡುವೆ ಸಣ್ಣಬೀರಪ್ಪ. ಮುಖ ಬಿಳಿಚಿಕೊಂಡಿತ್ತು.

ಕಾಂತ ಬೋಸಿ ಹಿಡಿದು ಬಂದು ಅವನ ಎಲೆಯ ಮುಂದೆ ಬಗ್ಗಿದಳು. ಅವನು ತಲೆ ಎತ್ತಲಿಲ್ಲ.

"ಗೋಧಿ," ಎಂದಳು, ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. "ಅವತ್ತೂ ಗೋಧೀನೇ. ನಮ್ಮವ್ವನಾಣೆ. ಹೇಳ್ದೆ ಬಡಿಸಿದ್ದು ನನ್ನ ತಪ್ಪು."

ಅವನು ತಲೆ ಎತ್ತಿ ನೋಡಿದ. ಊದಿಕೊಂಡಿದ್ದ ಅವಳ ಕಣ್ಣು, ಹಿಟ್ಟು ತೊಳೆದು ತೊಳೆದು ಸುಕ್ಕುಗಟ್ಟಿದ್ದ ಆ ಬೆರಳು. ನಂಬಲೇ? ಬೇಡವೇ?

"ಯಾಕಪ್ಪ, ಉಣ್ಣಲ್ವಾ? ನಮ್ ಸಂಬಂಧ ಹಿಡಿಸ್ಲಿಲ್ವಾ?" ಎಂದರು ಬೀಗರು. ನಗುತ್ತಲೇ ಅಂದರೂ ಪಂಕ್ತಿಯೆಲ್ಲ ಇತ್ತ ತಿರುಗಿತು.

ಸಣ್ಣಬೀರಪ್ಪ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡ. ಅವನು ಅಗಿದ... ನುಂಗಿದ... ಇನ್ನೊಂದು ತೆಗೆದುಕೊಂಡ! ಕಾಂತಳಿಗೆ ಅಲ್ಲೇ ಅಳು ಬಂದುಬಿಟ್ಟಿತು.

ಆದರೆ ದೊಡ್ಡಬೀರಪ್ಪ ಸುಮ್ಮನಿರುವ ಆಸಾಮಿಯೇ? "ಇದೇನಿದು, ನಿನ್ನೆಲೇಲಿ ಒಂದು ಮೂಳೇನೂ ಇಲ್ಲ?" ಎಂದವನೇ ಮಗನ ಎಲೆಯಿಂದಲೇ ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡ. ಹುಬ್ಬು ಮೇಲೇರಿತು.

"ಆಹಾ! ಏನ್ ಹದವಾಗಿ ಬೆಂದದೆ! ಯಾವ ಮರೀದವ್ವ ಇದು?"

ಒಂದು ಸುಳ್ಳು ಹೇಳಿದರೆ ಎಲ್ಲ ಮುಗಿದುಹೋಗುತ್ತಿತ್ತು. ಹೇಳಲು ಕಾಂತ ಬಾಯಿ ತೆರೆದಳು ಕೂಡ.

"ಗೋಧೀದಪ್ಪ," ಎಂದ ಸಣ್ಣಬೀರಪ್ಪ. "ಬಾಡಲ್ಲ. ನಾನು ಬಾಡು ತಿನ್ನಲ್ಲ. ಬೋರ ಹೋದಾಗಿಂದ ತಿಂದಿಲ್ಲ. ಇವಳು ನನಗೋಸ್ಕರ ಮಾಡವಳೆ."

ಕೆಂಚಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು.

ದೊಡ್ಡಬೀರಪ್ಪ ಕೈಯಲ್ಲಿದ್ದ ಮುದ್ದೆಯನ್ನು ಎಲೆಗಿಟ್ಟ. ಮಗನನ್ನೇ ನೋಡಿದ.

"ಬೋರ... ಆ ಬಾಟ್ಲಿ ಹಾಲಿನ ಮರಿ?"

"ಹೂಂ."

"ಅವತ್ತು ಜ್ವರ ಅಂದ್ಯಲ್ಲೋ... ಒಂದು ವಾರ ಮಲಗಿದ್ಯಲ್ಲೋ." ಅವನ ಗಡಸು ದನಿ ಒಡೆಯಿತು. "ಇಷ್ಟು ದಿನ ನನ್ ಮುಂದೆ ಅರೆಹೊಟ್ಟೇಲಿ ಎದ್ದು ಹೋಗ್ತಿದ್ಯಾ? ನಾನೇನ್ ಹುಲಿನೇನೋ, ಹೇಳೋಕಾಗ್ದಷ್ಟು?"

ಅಪ್ಪ ಕಣ್ಣೊರೆಸಿಕೊಂಡು, ಬೀಗರ ಕಡೆ ಒಂದು ಸಲ ನೋಡಿ, ಕಾಂತಳ ಕಡೆ ತಿರುಗಿದ.

"ನಿಂತ್ಕೊಂಡು ಏನ್ ನೋಡ್ತೀಯವ್ವ? ನನ್ನ ಮಗಂಗೆ ಇನ್ನೊಂದು ಸೌಟು ಹಾಕು. ಬೀಗರ ಮುಂದೆ ಅವನು ಹೊಟ್ಟೆ ತುಂಬ ಉಂಡು ಏಳ್ಬೇಕು."

ಕಾಂತ ಬಡಿಸಿದ ಭರಕ್ಕೆ ಅರ್ಧ ಸಾರು ಎಲೆಯ ಹೊರಗೇ ಬಿತ್ತು. ಎಡಗಡೆಯಿಂದ ಬೀಗರು, "ನಂಗೂ ಒಂದು ತುಂಡು ಹಾಕವ್ವ, ನೋಡಾಣ" ಎಂದರು. ಪಂಕ್ತಿ ಘೊಳ್ಳೆಂದು ನಕ್ಕಿತು.

ಊಟವೆಲ್ಲ ಮುಗಿದ ಮೇಲೆ ಕಾಂತ ಬೋಸಿ ತೊಳೆಯಲು ಹಿತ್ತಿಲಿಗೆ ಬಂದಳು. ಆ ಮನೆಯ ಬಣವೆಯ ಪಕ್ಕದಲ್ಲಿ ಅವನು ಆಗಲೇ ನಿಂತಿದ್ದ. ಕರಿನಾಯಿಯೂ ಆಸೆಯಿಂದ ಹಾಜರಾಗಿತ್ತು.

"ಇವತ್ತು ಅದಕ್ಕೇನೂ ಇಲ್ಲ," ಎಂದು ಅವನು ಖಾಲಿ ಕೈ ತೋರಿಸಿದ. ಆಮೇಲೆ ತಲೆ ತಗ್ಗಿಸಿದ. "ಅವತ್ತು ನಿನ್ನ ಮಾತು ಕೇಳ್ದೆ ಓಡ್ಹೋದೆ. ಅವತ್ತಿಂದ ಮನಸು ಒಂದ್ ಕಡೆ ನಿಂತಿಲ್ಲ ಕಾಂತಾ. ಕೋಪ ಇಳಿದ್ಮೇಲೂ ಸಂತೆಗೆ ಬರೋಕೆ ಮುಖ ಇರ್ಲಿಲ್ಲ... ಅಪ್ಪಂಗೆ ಇನ್ನೊಂದು ಮಾತೂ ಹೇಳ್ಬಿಟ್ಟೆ ಈಗ."

"ಏನಂತ?"

"ಕೆಂಚಮ್ಮನ ಮಗಳನ್ನ ಕೇಳೋಕೆ ಕಡೂರಿಗೆ ಹೋಗಪ್ಪಾ ಅಂತ."

ಕಾಂತಳ ಕೈಯಿಂದ ಬೋಸಿ ಜಾರಿ ಠಣ್ಣೆಂದಿತು. ಮುಖ ಆ ಕಡೆ ತಿರುಗಿಸಿಕೊಂಡಳು.

"ನಿಮ್ಮಪ್ಪ ಕೇಳೋದು ಆಮೇಲಾಯ್ತು. ಮೊದ್ಲು ನೀವೊಂದು ಮಾತು ಕೊಡಿ. ಇನ್ಮೇಲೆ ಎಲೆ ಬಿಟ್ಟು ಏಳೋಕೆ ಮುಂಚೆ, ಏನಿದು ಅಂತ ನನ್ನ ಕೇಳ್ಬೇಕು."

"ಕೇಳ್ತೀನಿ." ಅವನು ಬೋಸಿ ಎತ್ತಿ ಅವಳ ಕೈಗಿಟ್ಟ. ಆ ಕೈಯನ್ನು ಬಿಡಲಿಲ್ಲ. "ಮತ್ತೆ ನೀನು?"

"ನಾನಾ?" ಕಾಂತ ಕಣ್ಣೀರಿನಲ್ಲೇ ನಕ್ಕಳು. "ಬಡಿಸೋಕೆ ಮುಂಚೆ ಹೇಳ್ತೀನಿ ಕಣ್ರೀ."