ನಾಲ್ಕು ವರ್ಷಕ್ಕೊಂದು ಸುತ್ತು

ಫೆಬ್ರವರಿ ಇಪ್ಪತ್ತರಂದು ಬೆಳಿಗ್ಗೆ ಹತ್ತೂಕಾಲಿಗೆ ನಿವೃತ್ತ ಕಣ್ಣಿನ ಡಾಕ್ಟರೊಬ್ಬರು ಠಾಣೆಗೆ ಬಂದರು. ಅವರ ಹಿಂದೆ ಹೆಂಡತಿ, ಹೆಂಡತಿಯ ಹಿಂದೆ ಮನೆಯ ಅಡುಗೆಯಾಕೆ. ಡಾಕ್ಟರು ಕುರ್ಚಿ ಎಳೆದುಕೊಂಡು ಕುಳಿತರು. ಅಡುಗೆಯಾಕೆಯನ್ನು ಯಾರೂ ಕೂರು ಎನ್ನಲಿಲ್ಲ.

"ವಾಚು ಕಳುವಾಗಿದೆ. ಕದ್ದೋಳು ಇವಳೇ. ಬರ್ಕೊಳ್ಳಿ."

ರೈಟರ್ ಪೆನ್ನು ತೆಗೆದ. "ಒಂದು ಹಳೆಯ ಕೈಗಡಿಯಾರ..."

"ಹಳೆಯ ಕೈಗಡಿಯಾರ ಅಲ್ಲ ರೀ! ಪರ್ಪೆಚುವಲ್ ಕ್ಯಾಲೆಂಡರ್ ಕ್ರೋನೋಗ್ರಾಫ್!"

ರೈಟರ್ ಪೆನ್ನು ಎತ್ತಿ ಇನ್‌ಸ್ಪೆಕ್ಟರರ ಮುಖ ನೋಡಿದ. ಇನ್‌ಸ್ಪೆಕ್ಟರ್ ಹೇಳಿದರು: "ಸ್ವಲ್ಪ ಬಿಡಿಸಿ ಹೇಳಿ ಸಾರ್."

"ತಾರೀಖು, ವಾರ, ತಿಂಗಳು, ಚಂದ್ರ, ಎಲ್ಲ ತೋರಿಸುತ್ತೆ. ಮೂವತ್ತು ದಿನದ ತಿಂಗಳು ಯಾವುದು, ಅಧಿಕ ವರ್ಷ ಯಾವುದು, ಎಲ್ಲ ಅದಕ್ಕೇ ಗೊತ್ತು. ಜೊತೆಗೆ ಸ್ಟಾಪ್‌ವಾಚೂ ಇದೆ. ಬ್ಯಾಟರಿ ಇಲ್ಲ. ಬರೀ ಚಕ್ರ, ಸ್ಪ್ರಿಂಗು."

"ನನ್ನ ಹುಟ್ಟಿದ ದಿನ ಇವರಿಗೆ ನೆನಪಿರಲ್ಲ. ವಾಚಿಗೆ ಮಾತ್ರ ಎಲ್ಲಾ ನೆನಪಿರ್ಬೇಕು," ಎಂದರು ಹೆಂಡತಿ, ಗೋಡೆಯ ಕಡೆ ನೋಡುತ್ತಾ.

"ಟೈಮ್ ಸರಿಯಾಗಿ ತೋರಿಸುತ್ತಾ?" ರೈಟರ್ ಕೇಳಿದ.

"ಓಡ್ತಿಲ್ಲ."

"ಕೆಟ್ಟಿದೆಯಾ?"

"ಕೆಟ್ಟಿಲ್ಲ. ನಿಲ್ಲಿಸಿಟ್ಟಿದೀನಿ. ಓಡಿಸಿದ್ರೆ ಒಳಗೆ ಸವೆಯುತ್ತೆ."

ಇನ್‌ಸ್ಪೆಕ್ಟರ್ ಹಣೆ ಉಜ್ಜಿಕೊಂಡರು.

"ಬೆಲೆ?"

"ಅದಕ್ಕೆ ಬೆಲೆ ಕಟ್ಟೋಕಾಗಲ್ಲ."

"ಕಟ್ಟಲೇಬೇಕು ಸಾರ್. ಕಾಲಂ ಇದೆ."

ಎಫ್‌ಐಆರ್ ಮುಗಿಯುವಾಗ ಹನ್ನೊಂದು ನಲವತ್ತು. ಹನ್ನೆರಡೂವರೆಗೆ ಡಾಕ್ಟರ ಮನೆಯಲ್ಲಿ ಪಂಚನಾಮೆ ನಡೆಯಿತು. ಮಹಡಿಯ ಕೋಣೆಯಲ್ಲಿ ಗಾಜಿನ ಬಾಗಿಲಿನ ಬೀರು, ಅದರೊಳಗೆ ಮಖಮಲ್ಲು ಹಾಸಿದ ಹನ್ನೊಂದು ಪೆಟ್ಟಿಗೆ. ಹತ್ತರಲ್ಲಿ ವಾಚುಗಳಿದ್ದವು. ಎಲ್ಲವೂ ಹತ್ತು ಗಂಟೆ ಹತ್ತು ನಿಮಿಷಕ್ಕೆ ನಿಂತಿದ್ದವು. ಮುಳ್ಳುಗಳು ಹಾಗಿದ್ದರೆ ನೋಡಲು ಚೆಂದವಂತೆ. ಕಾನ್‌ಸ್ಟೇಬಲ್ ತನ್ನ ಕೈಯ ವಾಚನ್ನೊಮ್ಮೆ ನೋಡಿಕೊಂಡು, "ಈ ಮನೇಲಿ ಊಟಕ್ಕೆ ಹೊತ್ತೇ ಆಗಲ್ಲ ಅನ್ಸುತ್ತೆ," ಎಂದು ಗೊಣಗಿದ.

ಬೀಗ ಒಡೆದಿರಲಿಲ್ಲ. ಕೀಲಿಕೈ ಮಲಗುವ ಕೋಣೆಯಲ್ಲಿ ಕರವಸ್ತ್ರಗಳ ಕೆಳಗೆ ಇರುತ್ತದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಳುವಾದ ವಾಚಿನ ಕಾಗದಪತ್ರಗಳು ಬೀರುವಿನಲ್ಲೇ ಇದ್ದವು. ಹೊರಗಿನಿಂದ ಬಂದವರು ಒಬ್ಬರೇ: ಹದಿನೆಂಟರಂದು ಎರಡು ವಾಚಿಗೆ ಪಟ್ಟಿ ಬದಲಾಯಿಸಲು ಬಂದಿದ್ದ ರಿಪೇರಿಯವರು.

"ಅವರ ತಂಟೆಗೆ ಹೋಗ್ಬೇಡಿ," ಎಂದರು ಡಾಕ್ಟರು. "ಇಪ್ಪತ್ತೆರಡು ವರ್ಷದಿಂದ ನನ್ನ ವಾಚು ಮುಟ್ಟೋರು ಅವರೊಬ್ರೇ. ನನ್ನ ಕೈಗಿಂತ ಅವರ ಕೈ ನಂಬ್ತೀನಿ."

ಆದರೂ ಕಾನ್‌ಸ್ಟೇಬಲ್ ಅಂಗಡಿಗೆ ಹೋಗಿ ಹೇಳಿಕೆ ತಂದ. ಪಟ್ಟಿ ಹಾಕಿದೆ, ಬಂದೆ. ಎರಡು ಸಾಲು, ಒಂದು ಸಹಿ.

ಅಡುಗೆಯಾಕೆಯ ಮನೆ ಶೋಧಿಸಿದರು. ಏನೂ ಸಿಗಲಿಲ್ಲ. ಬಂಧಿಸಲು ಆಧಾರವಿಲ್ಲ, ಬಿಟ್ಟರೆ ಡಾಕ್ಟರು ಬಿಡುವುದಿಲ್ಲ. ದಿನವೂ ಹತ್ತು ಗಂಟೆಗೆ ಬಂದು ಸಂಜೆಯವರೆಗೆ ಠಾಣೆಯಲ್ಲಿರಬೇಕೆಂದು ಆಕೆಗೆ ಹೇಳಿದರು. ಆಕೆ ಬಂದಳು. ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ, ಇನ್ನೂ ಮೂವರಿಗೆ ಜಾಗ ಬಿಟ್ಟು ಕುಳಿತಳು. ಡಾಕ್ಟರು ದಿನವೂ ಮೇಲಿನ ಸಾಹೇಬರಿಗೆ ಫೋನು ಮಾಡಿದರು. ಸಾಹೇಬರು ದಿನವೂ ಇನ್‌ಸ್ಪೆಕ್ಟರರಿಗೆ ಮಾಡಿದರು.

ಇಪ್ಪತ್ತಮೂರರಂದು ಆಕೆ ಇನ್‌ಸ್ಪೆಕ್ಟರರ ಮೇಜಿನ ಬಳಿ ಬಂದು ನಿಂತಳು.

"ಸಾರ್, ನಾನು ಕಳ್ಳಿ ಅಲ್ಲ ಅಂತ ಒಂದು ಚೀಟಿ ಕೊಡ್ತೀರಾ? ಇನ್ನೊಂದು ಮನೇಲೂ ಅಡುಗೆ ಮಾಡ್ತೀನಿ. ಇದು ಮುಗಿಯೋವರೆಗೂ ಬರ್ಬೇಡ ಅಂದಿದಾರೆ."

"ಅಂಥ ಚೀಟಿ ಇಲ್ಲಮ್ಮ. ಕಳ್ಳ ಸಿಕ್ಕಿದ್ರೆ ಅದೇ ಚೀಟಿ."

"ಸಿಗದೇ ಇದ್ರೆ?"

ಇನ್‌ಸ್ಪೆಕ್ಟರ್ ಮುಂದಿನ ಫೈಲು ಎಳೆದುಕೊಂಡರು. ಆಕೆ ಹೋಗಿ ಮತ್ತೆ ಬೆಂಚಿನ ತುದಿಯಲ್ಲಿ ಕುಳಿತಳು.

ಇಪ್ಪತ್ತೆಂಟರಂದು ಮಧ್ಯಾಹ್ನ ಎರಡಕ್ಕೆ ಸಾಹೇಬರ ಫೋನು ಬಂತು. ನಾಳೆಯೊಳಗೆ ಅವಳನ್ನು ಬಂಧಿಸಬೇಕು, ಆಗದಿದ್ದರೆ ಕೇಸು ಬೇರೆಯವರಿಗೆ. ಇನ್‌ಸ್ಪೆಕ್ಟರ್ ರಿಸೀವರನ್ನು ಕುಕ್ಕಿ, ಆಕೆಯನ್ನು ಕರೆಸಿ, ಒಂಬತ್ತು ದಿನಗಳಿಂದ ಕೇಳುತ್ತಿದ್ದುದನ್ನೇ ಮತ್ತೆ ಕೇಳಿದರು.

"ತೆಗೆದಿದ್ದು ನೀನಾ, ಅಲ್ವಾ? ಒಂದು ಮಾತು ಹೇಳಿ ಮುಗಿಸಮ್ಮ, ನನಗೂ ಸಾಕಾಗಿದೆ."

"ನಾನು ವಾಚೂ ತೆಗೆದಿಲ್ಲ, ಕಡ್ಡೀನೂ ತೆಗೆದಿಲ್ಲ ಸಾರ್."

"ಯಾವ ಕಡ್ಡಿ?"

"ವಾಚಿನ ಪಕ್ಕ ಒಂದು ಸಣ್ಣ ಕಡ್ಡಿ ಇರುತ್ತೆ. ಒಂದೊಂದು ಪೆಟ್ಟಿಗೇಲೂ ಒಂದೊಂದು. ಅವತ್ತು ಅಯ್ಯ ಕೂಗಾಡ್ತಿದ್ದಾಗ ನೋಡ್ದೆ, ಕಡ್ಡಿ ಇಡೋ ಗುಳಿನೂ ಖಾಲಿ ಇತ್ತು."

"ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ನೀವು ವಾಚಿಂದು ಮಾತ್ರ ಕೇಳಿದ್ರಿ ಸಾರ್."

ರೈಟರ್ ಪಂಚನಾಮೆ ತೆಗೆದು ನೋಡಿದ. ವಾಚಿನ ಗುಳಿಯ ಉದ್ದಗಲ ಮಿಲಿಮೀಟರಿನಲ್ಲಿ ಬರೆದಿತ್ತು. ಕಡ್ಡಿಯ ಸುದ್ದಿ ಇರಲಿಲ್ಲ. ಇನ್‌ಸ್ಪೆಕ್ಟರ್ ಡಾಕ್ಟರಿಗೆ ಫೋನು ಮಾಡಿದರು.

"ಓ, ಅದಾ? ಅದಕ್ಕೇನೂ ಬೆಲೆ ಇಲ್ಲ," ಎಂದರು ಡಾಕ್ಟರು. "ನಿಂತ ವಾಚನ್ನ ಮತ್ತೆ ಓಡಿಸೋವಾಗ ತಾರೀಖು ಕೂರಿಸ್ಬೇಕಲ್ಲ, ಪಕ್ಕದ ಸಣ್ಣ ಗುಂಡಿ ಒತ್ತೋಕೆ."

"ವಾಚು ಮಾರೋನಿಗೆ ಅದು ಬೇಕಾ?"

"ಮಾರೋನಿಗೆ ಕಾಗದ ಬೇಕು. ಕಡ್ಡಿ ಯಾಕೆ?"

"ಹಾಗಾದ್ರೆ ತಗೊಂಡೋನು ಓಡಿಸೋಕೆ ತಗೊಂಡಿದಾನೆ. ಅದನ್ನ ಓಡಿಸೋಕೆ ಯಾರ್ಯಾರಿಗೆ ಬರುತ್ತೆ ಸಾರ್?"

"ನನಗೆ. ಆಮೇಲೆ..."

ಡಾಕ್ಟರು ಅಲ್ಲಿಗೇ ನಿಲ್ಲಿಸಿದರು.

ಮೂರು ಐವತ್ತಕ್ಕೆ ಇನ್‌ಸ್ಪೆಕ್ಟರ್, ಕಾನ್‌ಸ್ಟೇಬಲ್ ಮತ್ತು ಇಬ್ಬರು ಪಂಚರು ರಿಪೇರಿ ಅಂಗಡಿಗೆ ಹೋದರು. ಒಬ್ಬರು ಎದ್ದರೆ ಮಾತ್ರ ಇನ್ನೊಬ್ಬರು ಒಳಗೆ ಬರುವಷ್ಟು ಜಾಗ. ರಿಪೇರಿಯ ಮುದುಕ ಕಣ್ಣಿನಿಂದ ಭೂತಗನ್ನಡಿ ತೆಗೆದಿಟ್ಟು, ಕೇಳುವ ಮೊದಲೇ ಎಡತೋಳಿನ ಗುಂಡಿ ಬಿಚ್ಚಿದ. ವಾಚು ಅವನ ಕೈಯಲ್ಲೇ ಇತ್ತು, ಓಡುತ್ತಿತ್ತು. ಮೂರು ಐವತ್ತೆರಡು. ಫೆಬ್ರವರಿ ಇಪ್ಪತ್ತೆಂಟು.

"ಯಾವಾಗ ತೆಗೆದ್ರಿ?"

"ಹದಿನೆಂಟಕ್ಕೆ. ಡಾಕ್ಟರು ಫೋನಲ್ಲಿ ಮಾತಾಡೋಕೆ ಹೊರಗೆ ಹೋಗಿದ್ರು."

"ಕಡ್ಡಿ ಯಾಕೆ ತಂದ್ರಿ? ಇಲ್ಲಿ ನಿಮ್ಮ ಹತ್ರ ನೂರು ಕಡ್ಡಿ ಇವೆ."

"ಆ ವಾಚನ್ನ ಅದರ ಕಡ್ಡಿ ಬಿಟ್ಟು ಯಾವತ್ತೂ ಮನೆಯಿಂದ ತಂದಿಲ್ಲ ಸಾರ್. ಬೇರೆ ಕಡ್ಡಿ ತಾಗಿದ್ರೆ ಗೀರು ಬೀಳುತ್ತೆ."

"ಕದಿಯೋವಾಗ್ಲೂ?"

"ಕದೀತಿದೀನಿ ಅಂತ ನನಗೆ ಗೊತ್ತಿತ್ತು. ಕೈಗೆ ಗೊತ್ತಿರ್ಲಿಲ್ಲ."

ಕಾನ್‌ಸ್ಟೇಬಲ್‌ಗೆ ನಗು ಬಂತು. ಇನ್‌ಸ್ಪೆಕ್ಟರ್ ಅವನನ್ನು ದಿಟ್ಟಿಸಿದರು.

ಉಳಿದದ್ದನ್ನು ಮುದುಕ ತಾನಾಗಿಯೇ ಹೇಳಿದ. ಆ ವಾಚಿನೊಳಗೆ ನಾಲ್ಕು ವರ್ಷಕ್ಕೆ ಒಂದೇ ಸುತ್ತು ಸುತ್ತುವ ಚಕ್ರವಿದೆ. ಅಂಚಿನಲ್ಲಿ ತಿಂಗಳಿಗೊಂದು ಜಾಗ. ಫೆಬ್ರವರಿಗೆ ಆಳದ ಕಚ್ಚು, ಅಧಿಕ ವರ್ಷದ ಫೆಬ್ರವರಿಗೆ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಆಳ. ಮೂರು ವರ್ಷದ ಹಿಂದೆ ಆ ಚಕ್ರ ಹಾಳಾಗಿತ್ತು. ಬದಲಿ ಚಕ್ರ ಎಲ್ಲೂ ಸಿಗಲಿಲ್ಲ. ನಾಲ್ಕು ತಿಂಗಳು ಕೂತು ಅರದಿಂದ ಉಜ್ಜಿ ಉಜ್ಜಿ ಹೊಸದೊಂದನ್ನು ಮಾಡಿ ಕೂರಿಸಿದ್ದ. ಡಾಕ್ಟರು ವಾಚನ್ನು ತೆಗೆದುಕೊಂಡು ಹೋಗಿ ನಿಲ್ಲಿಸಿಟ್ಟರು.

"ಕೈಯಲ್ಲಿ ತಿರುಗಿಸಿ ನೋಡ್ಬಹುದಿತ್ತಲ್ಲ?"

"ನೋಡಿದೀನಿ, ನೂರು ಸಲ. ಅದು ನನ್ನ ಬೆರಳು ಮಾಡಿದ್ದು ಸಾರ್. ತಾನಾಗಿ ಮಾಡ್ಬೇಕಲ್ಲ. ಈ ವರ್ಷ ಫೆಬ್ರವರಿಗೆ ಇಪ್ಪತ್ತೊಂಬತ್ತಿದೆ, ಎರಡು ದಿನ ಓಡಿಸಿ ಅಂತ ಡಾಕ್ಟರನ್ನ ಕೇಳ್ಕೊಂಡೆ. ಸವೆಯುತ್ತೆ ಅಂದ್ರು. ನನಗೀಗ ಎಪ್ಪತ್ತೆರಡು. ಮುಂದಿನ ಇಪ್ಪತ್ತೊಂಬತ್ತು ಬರೋವಾಗ ಎಪ್ಪತ್ತಾರು." ವಾಚಿನ ಕಡೆ ನೋಡಿ ಕೇಳಿದ: "ನಾಳೆ ಒಂದಿನ ಬಿಡಿ ಸಾರ್. ನಾಡಿದ್ದು ನಾನೇ ಠಾಣೆಗೆ ತರ್ತೀನಿ."

"ಆ ಹೆಂಗಸು ಒಂಬತ್ತು ದಿನದಿಂದ ಠಾಣೆಲಿ ಕೂತಿದಾಳೆ. ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ?"

"ಇನ್ನು ನಾಲ್ಕೇ ದಿನ, ಇನ್ನು ಮೂರೇ ದಿನ ಅಂದ್ಕೋತಿದ್ದೆ."

"ಕೈ ಮುಂದೆ ಮಾಡಿ," ಎಂದರು ಇನ್‌ಸ್ಪೆಕ್ಟರ್.

ವಾಚನ್ನೂ ಕಡ್ಡಿಯನ್ನೂ ಲಕೋಟೆಗೆ ಹಾಕಿ, ಪಂಚರ ಸಹಿ ಪಡೆದು, ಅರಗಿನ ಮುದ್ರೆ ಒತ್ತಿದರು. ನಾಲ್ಕು ನಲವತ್ತಕ್ಕೆ ಬಂಧನ ದಾಖಲಾಯಿತು.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಮುದುಕನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಹೊರಡಿಸಿದರು. ಅಡುಗೆಯಾಕೆ ಕೊನೆಯ ಹೇಳಿಕೆಗೆ ಸಹಿ ಹಾಕುತ್ತಿದ್ದಳು. ಮುದುಕ ಮುದ್ರೆ ಹಾಕಿದ ಲಕೋಟೆಯನ್ನೇ ನೋಡಿದ.

"ಸಾರ್, ಒಂದ್ಸಲ ತೆಗೆದು ನೋಡಿ ಹೇಳ್ತೀರಾ? ತಾರೀಖು ಎಷ್ಟು ತೋರಿಸ್ತಿದೆ ಅಂತ?"

"ಆ ಮುದ್ರೆ ಒಡೆಯೋಕೆ ಕೋರ್ಟ್ ಹೇಳ್ಬೇಕು."

"ಅಷ್ಟೊತ್ತಿಗೆ ನಿಂತಿರುತ್ತೆ ಸಾರ್."

ಅಡುಗೆಯಾಕೆ ಪೆನ್ನು ಕೆಳಗಿಟ್ಟು ಅವನ ಕಡೆ ತಿರುಗಿದಳು. ಇಷ್ಟು ದಿನದಲ್ಲಿ ಆಕೆ ತಾನಾಗಿ ಯಾರನ್ನಾದರೂ ಪ್ರಶ್ನೆ ಕೇಳಿದ್ದು ಅದು ಎರಡನೇ ಸಲ.

"ಅಜ್ಜಾ, ನನ್ನನ್ನ ಆ ಬೆಂಚಲ್ಲಿ ಕೂರಿಸಿ ನೋಡ್ಬೇಕು ಅನ್ನೋವಷ್ಟು ಏನಿತ್ತು ಅದರಲ್ಲಿ?"

ಮುದುಕ ಹೆಬ್ಬೆರಳು ತೋರುಬೆರಳನ್ನು ಹತ್ತಿರ ತಂದು, ನಡುವೆ ಕೂದಲು ತೂರುವಷ್ಟು ಸಂದು ಬಿಟ್ಟು ತೋರಿಸಿದ.

ಆಕೆ ಬಗ್ಗಿ ನೋಡಿದಳು.

"ಇಷ್ಟಕ್ಕಾ?" ಎಂದು ಕೇಳಿ, ಚೀಲ ಎತ್ತಿಕೊಂಡು ಹೊರಗೆ ಹೋದಳು.

ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶ ಎಂಬಲ್ಲಿ ಇನ್‌ಸ್ಪೆಕ್ಟರ್ ಬಹಳ ಹೊತ್ತಿನ ಮೇಲೆ ಬರೆದರು: ಆರೋಪಿಯು ತಾನು ತಯಾರಿಸಿದ ಚಕ್ರವು ತಾನಾಗಿ ಕೆಲಸ ಮಾಡುವುದನ್ನು ಒಮ್ಮೆ ನೋಡಲು ಬಯಸಿದ್ದನು. ನೋಡಿರುವುದಿಲ್ಲ.