ಅಳಿಯನ ವೀಸಾಕ್ಕೆ ಚನ್ನಬಸಪ್ಪನ ಅರ್ಜಿ

ನವೆಂಬರ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಹತ್ತೂವರೆಗೆ ಸಿಕಂದರಾಬಾದ್ ಹತ್ತಿರ ಬಾಲಾನಗರದ ಆಚೆಯ ಪೊಲೀಸ್ ಠಾಣೆಗೆ ಒಂದು ದೂರು ಬಂತು. ಅದನ್ನು ದೂರು ಅನ್ನಬೇಕೋ ಹುಚ್ಚು ಅನ್ನಬೇಕೋ, ಬರವಣಿಗೆ ಕೆಲಸ ನೋಡುತ್ತಿದ್ದ ಕಾನ್‌ಸ್ಟೇಬಲ್ ರಾಮಕೃಷ್ಣನಿಗೆ ತಿಳಿಯಲಿಲ್ಲ. ತಂದವನು ಅರವತ್ತು ದಾಟಿದ ಮನುಷ್ಯ. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ. 'ನನ್ನ ಅಳಿಯ ಪಾಸ್‌ಪೋರ್ಟ್ ಇಲ್ಲದೆ ಬರ್ಮಾದಿಂದ ಗಡಿ ದಾಟಿ ಬಂದಿದ್ದಾನೆ. ತಪ್ಪು ಒಪ್ಪಿಕೊಳ್ಳುತ್ತೇವೆ. ಕಾನೂನಿನಂತೆ ದಂಡ ಹಾಕಿ, ನನ್ನ ಮಗಳ ಗಂಡನೆಂದು ಅವನಿಗೆ ವೀಸಾ ಕೊಡಿಸಬೇಕು' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ, ಕೆಳಗೆ ಸಹಿ ಹಾಕಿದ್ದ.

ರಾಮಕೃಷ್ಣ ನಗುತ್ತಲೇ ಅದನ್ನು ಇನ್‌ಸ್ಪೆಕ್ಟರ್ ಸಂಗಣ್ಣನ ಮೇಜಿಗೆ ಒಯ್ದ. ಸಂಗಣ್ಣ ನಗಲಿಲ್ಲ. ಕೆಳಗಿನ ಹೆಸರು ನೋಡಿದ: ಚನ್ನಬಸಪ್ಪ. ಒಳಗೆ ಕರೆಸಿ ಕನ್ನಡದಲ್ಲೇ ಕೇಳಿದ.

"ಯಾವೂರ್ರಿ ನಿಮ್ಮದು?"

ಮುದುಕನ ಮುಖ ಅರಳಿತು. "ಅಯ್ಯ, ನಮ್ಮವರಽ ಅದೀರೇನ್ರಿ! ಕೊಪ್ಪಳದ ಕಡೆಯವರ್ರಿ ನಾವು. ಇಲ್ಲೇ ವಿಮಾನದ ಸಾಮಾನು ಮಾಡೋ ಸರ್ಕಾರಿ ಕಾರ್ಖಾನ್ಯಾಗ ತಪಾಸಣಿ ಕೆಲಸ ಮಾಡಿ ರಿಟೈರ್ ಆದೆ."

"ನಾನು ನಾರಾಯಣಖೇಡದಾಂವ, ಗಡಿಯಾಗಿನ ಕನ್ನಡದವ. ಕೂಡ್ರಿ, ಚಾ ತಗೋರಿ. ಈ ಅರ್ಜಿ ಕೊಡ್ರಿ ಅಂತ ಯಾರು ಹೇಳಿದ್ರು?"

"ಯಾರೂ ಇಲ್ರಿ, ನಾನಽ. ನೋಡ್ರಿ ಸಾಹೇಬ್ರ, ನಮ್ಮ ಕಾರ್ಖಾನ್ಯಾಗ ಒಂದು ಪಾರ್ಟು ಅಳತಿ ತಪ್ಪಿ ಬಂತಂದ್ರ, ಅದನ್ನ ಮುಚ್ಚಿಟ್ಟಾಂವನ ನೌಕರಿ ಹೋಗತೈತಿ. 'ಇಷ್ಟು ತಪ್ಪೈತಿ' ಅಂತ ತಾನಾಗೇ ಬರದು ಮ್ಯಾಲ ಕಳಿಸಿದಾಂವಗ ಏನೂ ಆಗಂಗಿಲ್ಲ. ದೊಡ್ಡ ಸಾಹೇಬ್ರು ನೋಡ್ತಾರ, ಕೆಲಸಕ್ಕ ಬರತೈತಿ ಅನಿಸಿದ್ರ ಸಹಿ ಮಾಡಿ ಪಾಸ್ ಮಾಡ್ತಾರ. ನನ್ನ ಅಳಿಯ ಭಾಳ ಚಲೋ ಹುಡುಗ್ರಿ. ಬಂದ ದಾರಿ ಒಂದಽ ತಪ್ಪು."

ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆಯುವುದು ಅಂದರೆ ಇದೇ. ಕದ್ದು ಗಡಿ ದಾಟಿದವನಿಗೆ ಇಲ್ಲೇ ಕೂತು ಹೆಂಡತಿಯ ಕಡೆಯಿಂದ ವೀಸಾ ಸಿಗುವುದಿಲ್ಲ. ಮೊದಲು ಜೈಲು, ಆಮೇಲೆ ಬಂದ ದೇಶಕ್ಕೆ ವಾಪಸು. ಸಂಗಣ್ಣನಿಗೆ ಇದು ಬಾಯಿಪಾಠ. 'ಯಜಮಾನ್ರ, ಇದನ್ನ ಹರದು ಹಾಕಿ ಸುಮ್ಮನ ಮನಿಗೆ ಹೋಗ್ರಿ' ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಹಿಂದಿನ ವಾರ ಎ.ಸಿ.ಪಿ. ಸಾಹೇಬರು ಎಲ್ಲ ಠಾಣೆಗಳವರ ಎದುರು ಅವನನ್ನು ಎಬ್ಬಿಸಿ ನಿಲ್ಲಿಸಿ, ಅಕ್ರಮವಾಗಿ ಬಂದ ಒಬ್ಬ ವಿದೇಶಿಯನ್ನೂ ಹಿಡಿಯದ ಠಾಣೆ ನಿನ್ನದೊಂದೇ ಎಂದು ಉಗಿದಿದ್ದರು. ಈಗ ಒಬ್ಬ ತಾನಾಗಿ ಮನೆ ಬಾಗಿಲಿಗೆ ಬಂದಿದ್ದ.

"ಆಗ್ತದ ಬಿಡ್ರಿ. ಮೊದಲು ಕೇಸ್ ಬರೀಬೇಕಾಗ್ತದ," ಅಂದ ಸಂಗಣ್ಣ.

"ಬರೀರಿ, ಬರೀರಿ! ಕಾಗದದ ಮ್ಯಾಲ ಬಂದ್ರಽ ಚಲೋ," ಎಂದು ಚನ್ನಬಸಪ್ಪ ಬಸಿಯಲ್ಲಿ ಚಹಾ ಆರಿಸಿಕೊಂಡು ಕುಡಿದ.

ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಆರೋಪಿ ಥಾಂಗ, ವಯಸ್ಸು ಇಪ್ಪತ್ತೊಂಬತ್ತು, ಬರ್ಮಾ ದೇಶದವನು, ವೆಲ್ಡಿಂಗ್ ಕೆಲಸ. ದೂರುದಾರ, ಹೆಣ್ಣು ಕೊಟ್ಟ ಮಾವ.

ಮಧ್ಯಾಹ್ನ ಸಂಗಣ್ಣ, ರಾಮಕೃಷ್ಣ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಚನ್ನಬಸಪ್ಪನನ್ನು ಜೀಪಿನಲ್ಲಿ ಕೂಡಿಸಿಕೊಂಡು ಅವನ ಮನೆಗೆ ಹೋದರು. ಮನೆಯಲ್ಲಿ ಹಿಂದಿನ ದಿನವಷ್ಟೇ ಮಗಳು ಸಂಯುಕ್ತಾಳ ಕುಬಸ ಆಗಿತ್ತು. ಏಳು ತಿಂಗಳ ಬಸುರಿ. ಅಮೀರ್‌ಪೇಟ್‌ನ ಆನ್‌ಲೈನ್ ಸೇವಾ ಕೇಂದ್ರವೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಖಾಕಿ ಕಂಡವಳು ಕೈಯಲ್ಲಿದ್ದ ಫೋನು ಬೆನ್ನ ಹಿಂದೆ ಹಿಡಿದಳು.

"ಗಂಡ ಎಲ್ಲಿ?" ಸಂಗಣ್ಣ ಕೇಳಿದ.

"ಗೊತ್ತಿಲ್ರಿ."

"ಈಗ ಯಾರಿಗೆ ಫೋನ್ ಮಾಡಿದಿ?"

ಅವಳು ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಏನ್ ಮಾಡಿ ಬಂದಿ?"

"ಎಲ್ಲಾ ಬರದು ಕೊಟ್ಟು ಬಂದೆ ತಂಗಿ. ಸಾಹೇಬ್ರು ನಮ್ಮ ಕಡೆಯವರು. ಪಾಸ್ ಆಗತೈತಿ."

ಸಂಯುಕ್ತಾ ಸಂಗಣ್ಣನನ್ನು ದಿಟ್ಟಿಸಿ ನೋಡಿ ಕೇಳಿದಳು, "ಕನ್ನಡ ಮಾತಾಡಿ ನಮ್ಮಪ್ಪಗ ಮಳ್ಳ ಮಾಡಿದ್ರೇನ್ರಿ?"

ಸಂಗಣ್ಣನಿಗೆ ಕಪಾಳಕ್ಕೆ ಹೊಡೆದಂತಾಯಿತು. ಹೊಡೆತ ಬಿದ್ದದ್ದು ಸರಿಯಾದ ಜಾಗಕ್ಕೇ. ಅವನು ರಾಮಕೃಷ್ಣನ ಕಡೆ ನೋಡಿ ಪಂಚನಾಮೆ ಶುರು ಮಾಡು ಅಂದ.

ನೆರೆಮನೆಯ ಇಬ್ಬರು ಪಂಚರ ಮುಂದೆ ಸಿಕ್ಕಿದ್ದು ಇಷ್ಟೇ: ವೆಲ್ಡಿಂಗ್ ಮಾಡುವಾಗ ಹಾಕುವ ಕನ್ನಡಕ, ಯಾರಿಗೂ ಓದಲು ಬಾರದ ಭಾಷೆಯ ಒಂದು ಬೈಬಲ್, ಗಂಡ ಹೆಂಡಿರು ಬಾಸಿಂಗ ಕಟ್ಟಿಕೊಂಡ ಫೋಟೋ, ಮದುವೆ ನೋಂದಣಿಯ ಪ್ರಮಾಣಪತ್ರ. ವೆಲ್ಡಿಂಗ್ ಶೆಡ್ಡಿಗೆ ಫೋನ್ ಮಾಡಿದರೆ, ಥಾಂಗ ಆಗಲೇ ಕೆಲಸ ಬಿಟ್ಟು ಎದ್ದು ಹೋಗಿದ್ದಾನೆಂದು ಮಾಲೀಕ ಹೇಳಿದ. ಥಾಂಗನ ಫೋನು ಬಂದ್ ಆಗಿತ್ತು.

ಹುಡುಕುತ್ತ ಹೋದರೆ ಈ ಊರಿನಲ್ಲಿ ಒಬ್ಬನನ್ನು ಹಿಡಿಯುವುದು ಹುಡುಗಾಟದ ಮಾತಲ್ಲ. ಸಂಗಣ್ಣ ಹುಡುಕಲಿಲ್ಲ. ಹೊರಗೆ ಕಟ್ಟೆಯ ಮೇಲೆ ಚನ್ನಬಸಪ್ಪನ ಪಕ್ಕ ಕೂತ.

"ಅವನದೊಂದು ಸಹಿ ಬೇಕಾಗಿತ್ತಲ್ಲ ಯಜಮಾನ್ರ. ಇಲ್ಲಂದ್ರ ಮುಂದ ಹೋಗೂದಿಲ್ಲ."

"ಎಲ್ಲಿ ಹೋಗ್ತಾನ್ರಿ? ಸಿಕಂದರಾಬಾದ್‌ನ್ಯಾಗ ಅವನ ದೋಸ್ತನ ಖೋಲಿ ಐತಿ, ಅಲ್ಲೇ ಇರತಾನ. ನಿಮ್ಮನ್ನ ಕಂಡ್ರ ಅಂಜತಾನ್ರಿ, ನಾನಽ ಕರಕೊಂಡು ಬರತೀನಿ."

ಸಂಯುಕ್ತಾ ಓಡಿ ಬಂದು ಅಪ್ಪನಿಗೆ ಅಡ್ಡ ನಿಂತಳು. "ಬ್ಯಾಡಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ." ಮಹಿಳಾ ಕಾನ್‌ಸ್ಟೇಬಲ್ ಅವಳ ರಟ್ಟೆ ಹಿಡಿದು ಒಳಗೆ ಕೂಡಿಸಿ ಫೋನು ಕಸಿದುಕೊಂಡಳು. "ಹುಚ್ಚವ್ವ, ಹಿಂಗ ಅಂಜಿಕೋತ ಎಷ್ಟು ದಿನ ಇರ್ತೀರಿ? ನಾಳೆ ಕೂಸು ಹುಟ್ಟಿದ ಮ್ಯಾಲೂ ಅವ ಕದ್ದು ತಿರಗಬೇಕೇನು?" ಎಂದು ಬೈದು ಚನ್ನಬಸಪ್ಪ ಚಪ್ಪಲಿ ಮೆಟ್ಟಿದ.

ಸಂಜೆ ನಾಲ್ಕರ ಹೊತ್ತಿಗೆ ಮಾವ ಅಳಿಯ ಇಬ್ಬರೂ ಠಾಣೆಯ ಮುಂದೆ ಆಟೋದಿಂದ ಇಳಿದರು. ಸಣಕಲು ಹುಡುಗ, ಮಾವನ ಕೈಚೀಲ ತಾನೇ ಹಿಡಿದುಕೊಂಡಿದ್ದ. ಲಾಕಪ್ಪಿನ ಕಂಬಿ ಕಂಡ ಕೂಡಲೇ ಅವನಿಗೆ ಎಲ್ಲ ಅರ್ಥವಾಯಿತು. ಆದರೂ ಓಡಲಿಲ್ಲ. ಸಂಗಣ್ಣ ಯಾಕೆ ಬಂದೆ ಅಂತ ಹಿಂದಿಯಲ್ಲಿ ಕೇಳಿದ. "ಪಪ್ಪಾ ಬುಲಾಯೇ," ಅಂದ ಥಾಂಗ. ಮಾವ ಕರೆದರು, ಬಂದೆ. ಅಷ್ಟೇ.

ದಸ್ತಗಿರಿ ಪತ್ರಕ್ಕೆ ಸಹಿ ಮಾಡಿಸಿಕೊಂಡರು. ಚನ್ನಬಸಪ್ಪ ಅದನ್ನು ವೀಸಾದ ಕಾಗದವೆಂದೇ ತಿಳಿದು, ಎಲ್ಲಿ ಸಹಿ ಹಾಕಬೇಕೆಂದು ಅಳಿಯನಿಗೆ ಬೆರಳಿಟ್ಟು ತೋರಿಸಿದ.

ಆಮೇಲೆ ಸಂಗಣ್ಣ ಮದುವೆಯ ಪ್ರಮಾಣಪತ್ರ ಎತ್ತಿಕೊಂಡ. ಅದರಲ್ಲಿ ಥಾಂಗ ಮಿಜೋರಾಮಿನವನು, ಭಾರತೀಯ. ಅಂದರೆ ನೋಂದಣಿಗೆ ಯಾವುದೋ ಸುಳ್ಳು ಗುರುತಿನ ಚೀಟಿ ತೋರಿಸಿದ್ದಾರೆ.

"ಚೀಟಿ ಯಾರು ಮಾಡಿಕೊಟ್ಟರು?" ಹಿಂದಿಯಲ್ಲೇ ಪ್ರಶ್ನೆ.

"ಟ್ರೇನಿನಲ್ಲಿ ಒಬ್ಬನಿಂದ ಕೊಂಡೆ."

"ಹೆಸರು?"

"ಗೊತ್ತಿಲ್ಲ."

"ಹೆಂಡತಿಗೆ ಗೊತ್ತಿತ್ತಾ?"

"ಇಲ್ಲ. ಅವಳಿಗೆ ಏನೂ ಗೊತ್ತಿಲ್ಲ. ಅವಳಿಗೂ ಸುಳ್ಳು ಹೇಳಿದ್ದೆ."

ಹುಡುಗ ಸುಳ್ಳು ಹೇಳುತ್ತಿದ್ದಾನೆಂದು ಕಣ್ಣಿದ್ದವನಿಗೆ ಯಾರಿಗಾದರೂ ಕಾಣುತ್ತಿತ್ತು. ಆದರೆ ಒಳ್ಳೆಯ ಸುಳ್ಳು. ಟ್ರೇನಿನ ಆ ಮನುಷ್ಯ ಯಾವತ್ತೂ ಸಿಗುವುದಿಲ್ಲ, ತನಿಖೆ ಅಲ್ಲಿಗೆ ನಿಲ್ಲುತ್ತದೆ. ರಾಮಕೃಷ್ಣ ಬರೆದುಕೊಳ್ಳತೊಡಗಿದ. ಸಂಗಣ್ಣನಿಗೂ ಸಾಕಾಗಿತ್ತು.

ಆಗ ಚನ್ನಬಸಪ್ಪ ಕುರ್ಚಿಯಿಂದ ಎದ್ದ.

"ಸುಳ್ಳ್ಯಾಕ ಹೇಳ್ತೀಯಪ್ಪಾ? ಇಲ್ಲಿ ಸುಳ್ಳು ಹೇಳಿದ್ರ ಎಲ್ಲಾ ಕೆಡತೈತಿ. ಸಾಹೇಬ್ರ, ಇವ ಅಂಜಿ ಹಂಗಂತಾನ್ರಿ. ಇವಗ ಕಂಪ್ಯೂಟರ್ ಮುಟ್ಟಾಕ ಬರಂಗಿಲ್ಲ. ಆ ಚೀಟಿ ನನ್ನ ಮಗಳಽ ಮಾಡಿದ್ದು, ತನ್ನ ಸೆಂಟರಿನ್ಯಾಗ. ಒಂದು ತಾಸಿನ್ಯಾಗ ಮಾಡಿದ್ಲು. ಭಾಳ ಹುಷಾರ್ ಅದಾಳ್ರಿ ಆಕಿ. ನೋಡ್ರಿ, ನಾವು ಏನೂ ಮುಚ್ಚಿಡಾಂಗಿಲ್ಲ."

ಎರಡು ವರ್ಷ ಆ ಮನೆಯಲ್ಲಿ ಉಂಡು ಒಂದಿಷ್ಟು ಕನ್ನಡ ಕಲಿತಿದ್ದ ಥಾಂಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ರಾಮಕೃಷ್ಣನಿಗೆ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಪೆನ್ನು ಎತ್ತಿ ಹಿಡಿದು ತೆಲುಗಿನಲ್ಲಿ ಕೇಳಿದ:

"ಏಮಂಟುನ್ನಾಡು ಸಾರ್? ಏಮಿ ರಾಯಾಲಿ?"

ಏನಂತಾನೆ, ಏನು ಬರೆಯಲಿ? ಆ ಕೋಣೆಯ ಪೊಲೀಸರಲ್ಲಿ ಮುದುಕನ ಕನ್ನಡ ತಿಳಿದವನು ಸಂಗಣ್ಣ ಒಬ್ಬನೇ. ಮುದುಕ ಅಳಿಯನಿಗೆ ಬುದ್ಧಿ ಹೇಳುತ್ತಿದ್ದಾನೆ ಅಂದುಬಿಟ್ಟಿದ್ದರೆ ಯಾವ ದೇವರೂ ಬಂದು ಸಾಕ್ಷಿ ಕೇಳುತ್ತಿರಲಿಲ್ಲ. ಸಂಗಣ್ಣನ ಕಣ್ಣ ಮುಂದೆ ಎ.ಸಿ.ಪಿ.ಯ ಸಭೆ ಬಂತು, ಒಂದರ ಬದಲು ಎರಡು ದಸ್ತಗಿರಿ ಬಂತು. ಚನ್ನಬಸಪ್ಪನ ಮಾತನ್ನು ಒಂದೂ ಬಿಡದೆ ತೆಲುಗಿನಲ್ಲಿ ಹೇಳಿ ಬರೆಸಿದ. ಥೂ, ಇಂಥ ಬಾಳು ಬಾಳುವುದಕ್ಕೆ ಮಾತೃಭಾಷೆ ಬೇರೆ ಬೇಕಿತ್ತೇ ಇವನಿಗೆ!

ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಸೂರ್ಯ ಮುಳುಗಿದ ಮೇಲೆ ಹೆಂಗಸನ್ನು ಹಿಡಿಯುವಂತಿಲ್ಲ. ಬುಧವಾರ ಬೆಳಿಗ್ಗೆ ಸೇವಾ ಕೇಂದ್ರದ ಕಂಪ್ಯೂಟರ್ ಜಪ್ತಿ ಮಾಡಿದರು, ಚೀಟಿಯ ನಕಲು ಅದರಲ್ಲೇ ಇತ್ತು. ನೋಟಿಸ್ ಕೊಟ್ಟು ಮನೆಯಲ್ಲೇ ಬಿಡೋಣ ಸಾರ್, ಬಸುರಿ ಹೆಂಗಸು, ಎಂದು ರಾಮಕೃಷ್ಣ ಎರಡು ಸಲ ಹೇಳಿದ. ಸಂಗಣ್ಣ ಕೇಳಲಿಲ್ಲ. ಒಂಬತ್ತೂವರೆಗೆ ಸಂಯುಕ್ತಾಳನ್ನು ದಸ್ತಗಿರಿ ಮಾಡಿ ಠಾಣೆಗೆ ತಂದರು. ಒಳಗೆ ಕೂಡಿಸುವ ಮುಂಚೆ ಮೈಮೇಲಿನ ಒಡವೆ ತೆಗೆಸುವುದು ನಿಯಮ. ಕುಬಸದಲ್ಲಿ ಇಟ್ಟ ಹಸಿರು ಬಳೆ ಬಾತ ಕೈಯಿಂದ ಬರಲಿಲ್ಲ. ಮಹಿಳಾ ಕಾನ್‌ಸ್ಟೇಬಲ್ ಸಾಬೂನು ಹಚ್ಚಿ ಎಳೆದಳು. ಎರಡು ಒಡೆದವು.

ಸಂಯುಕ್ತಾ ಹೇಳಿಕೆ ಕೊಡಲು ಹಿಂಜರಿಯಲಿಲ್ಲ. ಕಾಗದವಿಲ್ಲದವನನ್ನು ಮದುವೆಯಾಗುವುದು ಹೇಗೆ ಎಂದು ಅವಳು ಮೊದಲು ನೇರವಾಗಿಯೇ ಕೇಳಿಕೊಂಡು ಅಲೆದಿದ್ದಳು. ವಾಪಸು ಅವನ ದೇಶಕ್ಕೆ ಕಳಿಸು, ಅಲ್ಲಿಂದ ಪಾಸ್‌ಪೋರ್ಟ್ ತಂದರೆ ನೋಡೋಣ ಎಂದು ಎಲ್ಲೆಡೆ ಒಂದೇ ಉತ್ತರ. ಆ ದೇಶದ ಸೈನ್ಯ ಥಾಂಗನ ಹಳ್ಳಿಗೆ ಬೆಂಕಿ ಇಟ್ಟಿತ್ತು. ಪಾಸ್‌ಪೋರ್ಟ್ ಕೇಳಲು ಹೋದ ಅವನ ಅಣ್ಣನನ್ನು ಕಚೇರಿಯಿಂದಲೇ ಸೈನ್ಯಕ್ಕೆ ಎಳೆದುಕೊಂಡು ಹೋಗಿದ್ದರು. ಅಣ್ಣ ತಿರುಗಿ ಬರಲಿಲ್ಲ.

"ಕಳಿಸಿದ್ರ ಸಾಯ್ತಿದ್ದ. ಅದಕ್ಕ ಚೀಟಿ ಮಾಡಿದೆ," ಅಂದಳು. "ಮತ್ತೇನೈತಿ ಬರ್ಕೊಳ್ಳಾಕ?"

ಹೇಳಿಕೆಗೆ ಸಹಿ ಬಿದ್ದ ಮೇಲೆ ಸಂಗಣ್ಣ ಹೊರಗೆ ರಾಮಕೃಷ್ಣನ ಮೇಜಿನ ಬಳಿಗೆ ಬಂದ. ಚನ್ನಬಸಪ್ಪ ರಾತ್ರಿಯೆಲ್ಲ ಅಲ್ಲೇ ಬೆಂಚಿನ ಮೇಲೆ ಇದ್ದ. ವಿಭೂತಿ ಇರಲಿಲ್ಲ. ಎದ್ದು ಬಂದು ಮೇಜಿನ ಅಂಚು ಹಿಡಿದು ನಿಂತ.

"ಸಾಹೇಬ್ರ, ನಿನ್ನೆ ತಪ್ಪು ಹೇಳಿದ್ನಿರಿ. ಆ ಚೀಟಿ ಮಾಡಿದಾಂವ ನಾನು. ಆಕಿ ಅಲ್ಲ. ನಾನು ಮಾಡೀನಿ. ಬರ್ಕೋರಿ."

"ಹೆಂಗ ಮಾಡಿದ್ರಿ?"

"ಕಂಪ್ಯೂಟರಿನ್ಯಾಗ್ರಿ."

"ಕಂಪ್ಯೂಟರ್ ಚಾಲೂ ಹೆಂಗ ಮಾಡ್ತಾರ, ಹೇಳ್ರಿ."

ಚನ್ನಬಸಪ್ಪ ಮೇಜಿನ ಮೇಲಿದ್ದ ಠಾಣೆಯ ಕಂಪ್ಯೂಟರನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಗುಂಡಿ ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ. "ನಾನಽ ಮಾಡೀನ್ರಿ," ಎಂದು ಮತ್ತೆ ಹೇಳಿದ.

"ಏಮಂಟುನ್ನಾಡು ಸಾರ್?" ಎಂದು ರಾಮಕೃಷ್ಣ ಕೇಳಿದ.

"ಏನಿಲ್ಲ," ಅಂದ ಸಂಗಣ್ಣ, ತೆಲುಗಿನಲ್ಲಿ. ರಾಮಕೃಷ್ಣ ಪೆನ್ನು ಕೆಳಗಿಟ್ಟ.