ಅಪ್ಪನ ತಲೆಗೆ ಫಸ್ಟ್ ಡಿಕಾಕ್ಷನ್

"ಅಪ್ಪಾ, ಅಲ್ಲಾಡ್ಬೇಡ! ಕಿವಿಗೆಲ್ಲಾ ಮೆತ್ಕೊಳ್ಳತ್ತೆ."

"ನಾನೆಲ್ಲಿ ಅಲ್ಲಾಡಿದೆ? ನೀನೇ ನನ್ ತಲೇನ ಅಲ್ಲಾಡಿಸ್ತಿದೀಯ."

ಶಂಕರಪುರಂನ ಹಳೇ ಮನೆಯ ಹಿತ್ತಲಲ್ಲಿ ಚಕ್ರಪಾಣಿಯವರು ಕೊರಳಿಗೆ ಹರಕು ಪಂಚೆ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಹಿಂದೆ ನಿಂತಿದ್ದ ಐದನೇ ಕ್ಲಾಸಿನ ಮಗಳು ತನ್ಮಯಿ, ಕಬ್ಬಿಣದ ಬಾಣಲೆಯಿಂದ ಮೆಹಂದಿ ತೆಗೆದು ತೆಗೆದು ಅವರ ತಲೆಗೆ ಮೆತ್ತುತ್ತಿದ್ದಳು. ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೋ ಎಂದು ಅಜ್ಜಿ ಹೇಳಿದ್ದರು. ಅಷ್ಟು ಪುರುಸೊತ್ತು ಯಾರಿಗಿದೆ? ಅಮ್ಮ ತ್ಯಾಗರಾಜನಗರದ ದೊಡ್ಡಮ್ಮನ ಮನೆಯಿಂದ ಬರುವುದರೊಳಗೆ ಕೆಲಸ ಮುಗಿಯಬೇಕಿತ್ತು.

ನಾಳೆ ಸೋಮವಾರ, ಸ್ಕೂಲಲ್ಲಿ ಪೇರೆಂಟ್ಸ್ ಮೀಟಿಂಗ್. ಅಷ್ಟರಲ್ಲಿ ಅಪ್ಪನ ಬಿಳಿ ಕೂದಲು ಕಪ್ಪಾಗಲೇಬೇಕು. ಇಲ್ಲದಿದ್ದರೆ ತನ್ಮಯಿಯ ಕತೆ ಮುಗಿದಂತೆ.

ಆದದ್ದು ಇಷ್ಟು. ಹೋದ ಬುಧವಾರ ಅಪ್ಪ ಅವಳನ್ನು ಕರೆದುಕೊಂಡು ಹೋಗಲು ಸ್ಕೂಟರಿನಲ್ಲಿ ಬಂದಿದ್ದರು. ಗೇಟಿನ ಹತ್ತಿರ ಗೆಳತಿ ಗಗನಾ, "ಏಯ್, ಅವ್ರು ನಿಮ್ ತಾತಾನಾ?" ಎಂದು ಕೇಳಿಬಿಟ್ಟಳು. ಗಗನಾಳ ಅಪ್ಪನಿಗೋ ತಲೆ, ಮೀಸೆ ಎಲ್ಲ ಕರ್ರಗೆ. ತನ್ಮಯಿ ಹುಟ್ಟುವಾಗಲೇ ಅವಳ ಅಪ್ಪನಿಗೆ ನಲವತ್ತು ದಾಟಿತ್ತು. "ಅಲ್ಲ" ಎನ್ನಬೇಕೆಂದೇ ಅವಳು ಬಾಯಿ ತೆರೆದಳು. ಬಂದದ್ದು "ಹೂಂ".

ಆಮೇಲೆ ಎರಡು ದಿನ ತನ್ಮಯಿ ಗಗನಾಳ ಕಣ್ಣು ತಪ್ಪಿಸಿಕೊಂಡೇ ಓಡಾಡಿದಳು. ಕೊನೆಗೆ ಒಂದು ಉಪಾಯ ಹೊಳೆಯಿತು. ಮೀಟಿಂಗಿಗೆ ಕಪ್ಪು ಕೂದಲಿನವರು ಬಂದರೆ ಅವರು ಅಪ್ಪ. ಬುಧವಾರ ಬಂದಿದ್ದ ಬಿಳಿ ಕೂದಲಿನವರು ತಾತ. ಮುಖ ಒಂದೇ ಥರ ಇದೆಯಲ್ಲ ಅಂದರೆ? ತಾತನ ಮಗ ತಾನೇ!

ತಲೆಗೆ ಎಣ್ಣೆ ಹಚ್ಚಲು ಬಂದರೆ ಓಡುವ ಅಪ್ಪ, ಮೆಹಂದಿಗೆ ಮಾತ್ರ ಏಕೋ ಮರುಮಾತಿಲ್ಲದೆ "ಸರಿ" ಎಂದಿದ್ದರು.

"ತನು, ನನ್ ತಲೆ ಯಾಕೆ ಕಾಫಿ ವಾಸನೆ ಹೊಡೀತಿದೆ?"

"ವಾರಪತ್ರಿಕೇಲಿ ಟೀ ಡಿಕಾಕ್ಷನ್ ಹಾಕಿ ನೆನೆಸಿ ಅಂತಿತ್ತು. ನಮ್ಮನೇಲಿ ಟೀ ಪುಡೀನೇ ಇಲ್ವಲ್ಲ. ಅಜ್ಜಿ ಕಾಫೀನೇ ಹಾಕು ಅಂದ್ರು."

"ಸೆಕೆಂಡ್ ಡಿಕಾಕ್ಷನ್ ತಾನೆ?"

ತನ್ಮಯಿ ಇನ್ನೊಂದು ಹಿಡಿ ಮೆಹಂದಿ ತೆಗೆದು ಬೇಗ ಬೇಗ ಮೆತ್ತತೊಡಗಿದಳು.

"ಫಸ್ಟ್ ಡಿಕಾಕ್ಷನ್ನಾ!" ಅಪ್ಪ ಎದ್ದೇಬಿಟ್ಟರು. "ಅದಕ್ಕೇ ನಿನ್ನೆ ಸಂಜೆ ಕಾಫಿ ಹಾಗಿದ್ದಿದ್ದು! ಗಟ್ಟಿದು ತಲೆಗೆ, ಕಲಗಚ್ಚು ಬಾಯಿಗೆ!"

"ಟೀನೂ ಕಪ್ಪು, ಕಾಫೀನೂ ಕಪ್ಪು," ಎಂದರು ಅಡುಗೆಮನೆಯಿಂದ ರಂಗನಾಯಕಿ ಅಜ್ಜಿ. "ಕೂದ್ಲಿಗೇನು ನಾಲಿಗೆ ಇದ್ಯೇನೋ, ಪಾಣಿ?"

ಒಂದು ಗಂಟೆ ಬಿಟ್ಟು ತೊಳೆಯಬೇಕು ಎಂದು ಪತ್ರಿಕೆಯಲ್ಲಿತ್ತು. ಹನ್ನೆರಡಕ್ಕೆ ಸರಿಯಾಗಿ ಅಪ್ಪ ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿದರು. ನಲ್ಲಿ ಗೊರ್ ಎಂದು ಸುಮ್ಮನಾಯಿತು. ಬೆಳಿಗ್ಗೆ ಅಜ್ಜಿ ಮನೆಯ ಬೆಡ್‌ಶೀಟುಗಳನ್ನೆಲ್ಲ ಒಗೆದು ಟ್ಯಾಂಕ್ ಖಾಲಿ ಮಾಡಿದ್ದರು. ಅವರ ಬೀದಿಗೆ ನೀರು ಬಿಡುವುದೇ ದಿನ ಬಿಟ್ಟು ದಿನ, ಅದೂ ಮಧ್ಯಾಹ್ನ ನಾಲ್ಕಕ್ಕೆ.

"ಕೊಡದಲ್ಲಿರೋದು ಮಡಿನೀರು. ಮುಟ್ಟಿದ್ರೆ ನೋಡು!" ಎಂದು ಅಜ್ಜಿ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತರು.

ಅಪ್ಪ ತಲೆಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ನಾಲ್ಕು ಗಂಟೆಯವರೆಗೆ ಕಾದರು. ಪಕ್ಕದ ಮನೆಯ ಶಂಭುಲಿಂಗಪ್ಪನವರು ಪೇಪರ್ ಕೇಳಲು ಬಂದಾಗ ಬಚ್ಚಲುಮನೆಯಲ್ಲಿ ಅಡಗಿ ಕೂತರು. ಶಂಭುಲಿಂಗಪ್ಪನವರು ಪೇಪರನ್ನು ಅಲ್ಲೇ ಕೂತು ಓದಿ ಮುಗಿಸಿದರು.

ಅಂತೂ ನೀರು ಬಂತು. ಅಪ್ಪ ತಲೆ ತೊಳೆದು ಹಿತ್ತಲ ಬಿಸಿಲಿಗೆ ಬಂದರು. ಅಪ್ಪನ ತಲೆ ಒಳ್ಳೇ ಕಿತ್ತಳೆಹಣ್ಣಿನ ಹಾಗೆ ಹೊಳೆಯುತ್ತಿತ್ತು.

"ಮೆಹಂದಿ ಕೈಗೆ ಹಚ್ಚಿದ್ರೆ ಕೆಂಪಾಗತ್ತೆ, ಬಿಳಿ ಕೂದ್ಲಿಗೆ ಹಚ್ಚಿದ್ರೂ ಹಾಗೇ," ಎಂದರು ಅಜ್ಜಿ.

"ಮೊದ್ಲೇ ಹೇಳ್ಬಾರ್ದಿತ್ತಾ, ಅಜ್ಜಿ!"

"ನೀನು ಕೇಳಿದ್ದು ಡಿಕಾಕ್ಷನ್ ವಿಷ್ಯ ಮಾತ್ರ."

ತನ್ಮಯಿಗೆ ಅಳುವೇ ಬಂತು. ಸಂಜೆ ಮನೆಗೆ ಬಂದ ಅಮ್ಮನಿಗೂ ಕಣ್ಣಲ್ಲಿ ನೀರು ಬಂತು, ನಕ್ಕು ನಕ್ಕು.

ಮರುದಿನ ಅಪ್ಪ ಸ್ಕೂಲಿನ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿದರು. ಆದರೆ ಒಳಗೆ ಹೆಜ್ಜೆ ಇಡಲಿಲ್ಲ.

"ತನು, ಇವತ್ತು ನಾನು ಯಾರಾಗಿ ಬರ್ಲಿ? ಅಪ್ಪನಾಗೋ, ತಾತನಾಗೋ?"

"ಅವತ್ತು... ನಿಂಗೆ ಕೇಳಿಸ್ತಾ?"

"ಸ್ಕೂಟರ್ ಆಫ್ ಮಾಡಿದ್ನಲ್ಲ." ಅಪ್ಪನ ಮುಖದಲ್ಲಿ ಕೋಪವೇನೂ ಇರಲಿಲ್ಲ. "ತಾತ ಅಂದ್ರೂ ಪರ್ವಾಗಿಲ್ಲ. ಪ್ರೋಗ್ರೆಸ್ ಕಾರ್ಡಲ್ಲಿ ಸೈನ್ ಮಾಡೋವಾಗ ಮಾತ್ರ ಅಪ್ಪ ಆಗ್ಬೇಕಾಗತ್ತೆ."

ಹಾಗಾದರೆ ಎಲ್ಲ ಗೊತ್ತಿದ್ದೇ ಅಪ್ಪ "ಸರಿ" ಎಂದಿದ್ದರು. ಗೊತ್ತಿದ್ದೇ ಸ್ಟೂಲಿನ ಮೇಲೆ ಕೂತಿದ್ದರು, ಬಚ್ಚಲುಮನೆಯಲ್ಲಿ ಅಡಗಿದ್ದರು. ತನ್ಮಯಿಗೆ ನಾಚಿಕೆಯಾಯಿತು. ಅಪ್ಪನ ಮೇಲೆ ಎಲ್ಲಿಲ್ಲದ ಪ್ರೀತಿಯೂ ಬಂತು. ಅವಳು ಅವರ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಕ್ಲಾಸಿನ ಬಾಗಿಲಲ್ಲೇ ಗಗನಾ ಇದ್ದಳು. ಅವಳ ಕಣ್ಣು ಅಪ್ಪನ ತಲೆಗೆ ಅಂಟಿಕೊಂಡಿತು.

"ಏಯ್ ತನ್ಮಯಿ! ನಿಮ್ ತಾತನ ತಲೆ ಯಾಕೇ ಆರೆಂಜ್ ಆಗಿದೆ?"

"ತಾತ ಅಲ್ಲ, ನಮ್ಮಪ್ಪ. ಅವತ್ತು ನಾನು ಸುಳ್ಳು ಹೇಳ್ದೆ."

ಗಗನಾ ಒಮ್ಮೆ ಇವಳನ್ನು ನೋಡಿದಳು, ಒಮ್ಮೆ ಅಪ್ಪನನ್ನು ನೋಡಿದಳು. "ಮತ್ತೆ ಆರೆಂಜು?"

ತನ್ಮಯಿ ತನ್ನ ಎರಡೂ ಅಂಗೈಗಳನ್ನು ಅವಳ ಮುಂದೆ ಚಾಚಿದಳು. ಅವು ಅಪ್ಪನ ತಲೆಗಿಂತ ಕೆಂಪಗಿದ್ದವು.

"ನಾನೇ ಹಚ್ಚಿದ್ದು," ಎಂದಳು.